ನೂಡಲ್ಸ್‌ಗಾಗಿ ಹಚ್ಚಿದ ಒಲೆ

ನನ್ನ ಮಗಳು ಊಟ ಬಿಟ್ಟಿದ್ದಾಳೆ ಎಂಬ ಸುದ್ದಿಯನ್ನು ನನಗೆ ಮೊದಲು ಮುಟ್ಟಿಸಿದ್ದು ಪಕ್ಕದ ಮನೆಯ ನಾಯಿ.

ತಮಾಷೆಗೆ ಹೇಳುತ್ತಿಲ್ಲ. ಅದರ ಹೆಸರು ರಾಜ. ಗೌರಕ್ಕನ ಮನೆಯದು. ಹೋದ ವಾರ ಒಂದು ಸಂಜೆ ನಾನು ತುಮಕೂರಿನಿಂದ ಬಂದು ಗೇಟು ತೆಗೆದರೆ, ಈ ರಾಜ ನಮ್ಮ ಕಾಂಪೌಂಡಿನೊಳಗೆ, ಅಡುಗೆಮನೆಯ ಕಿಟಕಿಯ ಕೆಳಗೆ ಕೂತಿದ್ದ. ನನ್ನನ್ನು ಕಂಡರೂ ಏಳಲಿಲ್ಲ, ಬೊಗಳಲಿಲ್ಲ. ಲಾಸ್ಟ್ ಬಸ್ಸಿಗೆ ಕಾಯುವವರು ರಸ್ತೆಯ ತಿರುವನ್ನೇ ನೋಡುತ್ತಾರಲ್ಲ, ಹಾಗೆ ಕಿಟಕಿಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಕಿಟಕಿಯ ಸರಳುಗಳ ನಡುವಿನಿಂದ ಒಂದು ಕೈ ಹೊರಗೆ ಬಂತು. ಕೈಯಲ್ಲಿ ಮುದ್ದೆ. ಸಾರಿನಲ್ಲಿ ಅದ್ದಿದ್ದು ಬೇರೆ.

ರಾಜ ಗಾಳಿಯಲ್ಲೇ ಕ್ಯಾಚ್ ಹಿಡಿದ. ಪ್ರಾಕ್ಟೀಸ್ ಇತ್ತು ಅಂತ ಕಾಣುತ್ತದೆ.

ನಾನು ಸದ್ದು ಮಾಡದೆ ಒಳಗೆ ಹೋದೆ. ನನ್ನ ಮಗಳು ಕಾವ್ಯ, ಏಳನೇ ಕ್ಲಾಸು, ಖಾಲಿ ತಟ್ಟೆಯನ್ನು ಸಿಂಕಿಗೆ ಹಾಕುತ್ತಿದ್ದಳು. 'ಊಟ ಆಯ್ತಾ ಮಗಾ?' ಅಂದೆ. 'ಹೂಂ ಅಪ್ಪ, ಆಯ್ತು' ಅಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಆಗ ಸರಿಯಾಗಿ ನೋಡಿದೆ. ಕೆನ್ನೆ ಇಳಿದಿತ್ತು. ಬಿಸ್ಕತ್ ಡಬ್ಬ ತೆಗೆದು ನೋಡಿದರೆ ತಳದಲ್ಲಿ ಪುಡಿ ಮಾತ್ರ ಇತ್ತು. ಅಂದರೆ ಈ ಹುಡುಗಿ ಮೂರ್ನಾಲ್ಕು ದಿನದಿಂದ ಬಿಸ್ಕತ್ತಿನ ಮೇಲೆ ಬದುಕಿದ್ದಾಳೆ!

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ನನ್ನ ಹೆಂಡತಿ ಸುಜಾತ ಸ್ಕೂಲ್ ಟೀಚರ್. ತಿಪಟೂರಿನಿಂದ ದಿನಾ ಬಸ್ಸಿನಲ್ಲಿ ತುರುವೇಕೆರೆ ಕಡೆಗೆ ಹೋಗಿ ಬರುತ್ತಾಳೆ. ಕೆಲವು ತಿಂಗಳಿಂದ ಹೊಟ್ಟೆನೋವು ಅನ್ನುತ್ತಿದ್ದಳು. ಬಸ್ಸಿನ ಕುಲುಕಾಟಕ್ಕೆ ಅಂತ ಅವಳೇ ಹೇಳಿಕೊಂಡು ಅವಳೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಕೊನೆಗೆ ತಡೆಯಲಾರದೆ ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ಗೆಡ್ಡೆ ಇದೆ ಅಂದರು. ತುಮಕೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಆದರೆ ಹೊರಗೆ ಬಂದ ಡಾಕ್ಟರಮ್ಮ ಮಾಸ್ಕ್ ಬಿಚ್ಚುತ್ತಾ ಒಂದು ಮಾತು ಹೇಳಿದರು. 'ಗೆಡ್ಡೆನ ಟೆಸ್ಟಿಗೆ ಬೆಂಗಳೂರಿಗೆ ಕಳಿಸ್ತಿದೀವಿ. ಸಾಮಾನ್ಯವಾಗಿ ಏನೂ ಇರಲ್ಲ. ನೋಡೋಣ, ರಿಪೋರ್ಟ್ ಬರಲಿ.'

ಡಾಕ್ಟರುಗಳು 'ನೋಡೋಣ' ಅಂದರೆ ಕೇಳಿಸಿಕೊಂಡವನ ನಿದ್ದೆ ಏನಾಗುತ್ತದೆ ಅಂತ ನಿಮಗೆ ಗೊತ್ತಿದೆ. ವಿವರಿಸುವುದಿಲ್ಲ.

ಅದು ಹೆಂಗಸರ ವಾರ್ಡು. ಸಂಜೆಯಾದರೆ ಗಂಡಸರನ್ನು ಹೊರಗೆ ಕಳಿಸುತ್ತಾರೆ. ಹಾಗಾಗಿ ಸುಜಾತಳ ಜೊತೆ ಉಳಿದುಕೊಂಡಿದ್ದು ಅವಳ ತಾಯಿ, ಶೆಟ್ಟಿಕೆರೆಯ ನನ್ನ ಅತ್ತೆ ನಂಜಮ್ಮ. (ಅತ್ತೆ ಅಂದರೆ ಹೆಂಡತಿಯ ತಾಯಿ ಮಾತ್ರ ಅಲ್ಲ, ನಮ್ಮಪ್ಪನ ಸ್ವಂತ ತಂಗಿಯೂ ಹೌದು. ನನ್ನನ್ನು ತೊಟ್ಟಿಲಲ್ಲಿ ತೂಗಿದವಳು. ಅಳಿಯಂದಿರಿಗೆ ಸಿಗುವ ಮರ್ಯಾದೆ ಆ ಬಾಯಿಂದ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.) ನಾನು ಬೆಳಗ್ಗೆ ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯ ಬಾಗಿಲು ತೆಗೆದು, ಕೆಲಸದವರಿಗೆ ಒಪ್ಪಿಸಿ, ತುಮಕೂರಿಗೆ ಹೋಗಿ, ಸಂಜೆ ವಾಪಸು ಬರುತ್ತಿದ್ದೆ.

ಮತ್ತೆ ಕಾವ್ಯ? ಅವಳಿಗೆ ನಾವು ಹೇಳಿದ್ದು ಇಷ್ಟು: 'ಅಮ್ಮಂಗೆ ಹೊಟ್ಟೆನೋವು. ಇಂಜೆಕ್ಷನ್ ಕೊಡ್ತಾರೆ. ಬರ್ತಾಳೆ.' ಆಸ್ಪತ್ರೆಗೆ ಕರೆದುಕೊಂಡು ಹೋಗಿರಲಿಲ್ಲ. ಮಕ್ಕಳು ಅಲ್ಲಿಗೆ ಯಾಕೆ, ಇನ್‌ಫೆಕ್ಷನ್ ಅಂತ ಎಲ್ಲರೂ ಅಂದರು. ನಾನೂ ಹೂಂಗುಟ್ಟಿದೆ.

ನಮ್ಮ ಬೀದಿಯ ಜನ ಮಾತ್ರ ಚಿನ್ನದಂಥವರು. ಸುಜಾತ ಆಸ್ಪತ್ರೆ ಸೇರಿದ ದಿನದಿಂದ ನಮ್ಮ ಮನೆಗೆ ಊಟ ಬರುವುದಕ್ಕೆ ಶುರುವಾಯಿತು. ಬೆಳಗ್ಗೆ ಗೌರಕ್ಕನ ಇಡ್ಲಿ. ಎದುರು ಮನೆಯವರ ಬಸ್ಸಾರು, ಮುದ್ದೆ. ಮೂಲೆಮನೆಯವರಿಂದ ಚಿತ್ರಾನ್ನ. ಕಾಫಿ ಕೂಡ ಫ್ಲಾಸ್ಕಿನಲ್ಲಿ ಬರುತ್ತಿತ್ತು. ಕಾವ್ಯಳ ಸ್ಕೂಲಿನ ಡಬ್ಬಿಯನ್ನೂ ಗೌರಕ್ಕನೇ ತುಂಬಿಸಿ ಕೊಡುತ್ತಿದ್ದಳು. ನಾನು ಗ್ಯಾಸ್ ಸಿಲಿಂಡರ್ ಆಫ್ ಮಾಡಿದವನು ಮತ್ತೆ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ನೋಡಬೇಕಾದ ಅಗತ್ಯವೇ ಬೀಳಲಿಲ್ಲ.

ಅಂಥಾ ಊಟವನ್ನು ಈ ಹುಡುಗಿ ನಾಯಿಗೆ ಹಾಕುತ್ತಿದ್ದಾಳೆ!

ಬೈಯಬೇಕು ಅಂತ ಬಾಯಿ ತೆರೆದೆ. ಅದ್ಯಾಕೋ ಬೈಗುಳ ಬರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ.

'ಏನ್ ತಿನ್ನಬೇಕು ಅನ್ಸುತ್ತೆ ಹೇಳು.'

'ಏನೂ ಬೇಡ.'

'ದೋಸೆ? ಹೋಟೆಲಿಗೆ ಹೋಗೋಣ?'

'ಬೇಡ.'

'ಮತ್ತೇನು? ಏನಾದ್ರೂ ಒಂದು ಹೇಳಪ್ಪಾ.'

ಖಾಲಿ ಬಿಸ್ಕತ್ ಡಬ್ಬದ ಮುಚ್ಚಳ ಹಾಕುತ್ತಾ ಹೇಳಿದಳು. 'ನೂಡಲ್ಸ್. ಮನೇಲಿ ಮಾಡಿದ್ದು.'

ಈ ನೂಡಲ್ಸ್ ನಮ್ಮ ಮನೆಯ ಹಳೆಯ ಜಗಳ. ಬಸ್ ಸ್ಟ್ಯಾಂಡ್ ಹತ್ತಿರ ಸಂಜೆ ಗೋಬಿ ಗಾಡಿ ನಿಲ್ಲುತ್ತದೆ. ಅಲ್ಲಿ ಬೆಂಕಿ ಎಬ್ಬಿಸಿ, ಬಾಣಲೆ ಕುಟ್ಟಿ ನೂಡಲ್ಸ್ ಮಾಡುವುದನ್ನು ನೋಡುತ್ತಾ ನಿಂತರೆ ಕಾವ್ಯ ಕಾಲು ಕೀಳುವುದಿಲ್ಲ. ಸುಜಾತ ಕೊಡಿಸುವುದಿಲ್ಲ. 'ಆ ಕೆಂಪು ಬಣ್ಣ, ಆ ಟೇಸ್ಟಿಂಗ್ ಪೌಡರ್, ಆ ಎಣ್ಣೆ! ಬೇಡ. ನಾನೇ ಮನೇಲಿ ಮಾಡ್ಕೊಡ್ತೀನಿ. ತರಕಾರಿ ಜಾಸ್ತಿ, ಎಣ್ಣೆ ಕಮ್ಮಿ' ಅಂತ ಮಾತು ಕೊಟ್ಟಿದ್ದಳು. ಅಷ್ಟರಲ್ಲಿ ಹೊಟ್ಟೆನೋವು ಜಾಸ್ತಿಯಾಯಿತು.

ಸರಿ. ನಾನೇ ಮಾಡುತ್ತೇನೆ ಅಂದೆ.

ನನ್ನ ಅಡುಗೆ ಅನುಭವ ಎಷ್ಟು? ನೀರು ಕಾಯಿಸಲು ಬರುತ್ತದೆ. ಹಾಲು ಉಕ್ಕಿಸಲು ಇನ್ನೂ ಚೆನ್ನಾಗಿ ಬರುತ್ತದೆ. ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಆಸ್ಪತ್ರೆಯಿಂದ ಬರುತ್ತಾ ದಿನಸಿ ಅಂಗಡಿಗೆ ಹೋದೆ. 'ನೂಡಲ್ಸ್ ಐತಾ? ಎರಡು ನಿಮಿಷದ್ದಲ್ಲ, ಗಾಡಿಯವರು ಹಾಕ್ತಾರಲ್ಲ, ಅದು' ಅಂದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. 'ಗಾಡಿ ಗೀಡಿ ಹಾಕ್ತಾ ಇದೀರೇನ್ರೀ? ರಿವೈಂಡಿಂಗ್ ಕೆಲ್ಸ ಡಲ್ಲಾ?' ಅಂತ ನಗುತ್ತಾ ಒಳಗಿನಿಂದ ದೊಡ್ಡ ಪ್ಯಾಕೆಟ್ಟು, ಒಂದು ಬಾಟಲಿ ಸೋಯಾ ಸಾಸ್ ತಂದುಕೊಟ್ಟರು. ತರಕಾರಿ ಅಂಗಡಿಯಲ್ಲಿ ಕ್ಯಾರೆಟ್, ಬೀನ್ಸ್, ಕೋಸು, ದಪ್ಪ ಮೆಣಸಿನಕಾಯಿ, ಈರುಳ್ಳಿ ಸೊಪ್ಪು ತೆಗೆದುಕೊಂಡೆ. ಚೀಲ ಹಿಡಿದು ಬೀದಿಗೆ ಬರುವಾಗ ಏನೋ ಒಂದು ಧೈರ್ಯ ಬಂದ ಹಾಗಿತ್ತು. ಆಸ್ಪತ್ರೆಯಲ್ಲಿ ನಾನು ಮಾಡುವುದಕ್ಕೆ ಏನೂ ಇರಲಿಲ್ಲ ನೋಡಿ. ಕೂರುವುದು, ಏಳುವುದು, ಮೆಡಿಕಲ್ ಸ್ಟೋರಿಗೆ ಓಡುವುದು. ಇದಾದರೂ ಕೈಯಲ್ಲಿ ಆಗುವ ಕೆಲಸ.

ಆಗಲಿಲ್ಲ.

ಬೇಯುವುದಕ್ಕೆ ಹಾಕಿ ಕೋಸು ಹೆಚ್ಚುತ್ತಾ ಕೂತೆ. ಹೆಚ್ಚಿ ಮುಗಿಸಿ ನೋಡಿದರೆ ಪಾತ್ರೆಯಲ್ಲಿ ನೂಡಲ್ಸ್ ಇಲ್ಲ. ಅಂಟು ಇದೆ. ಪುಸ್ತಕಕ್ಕೆ ರಟ್ಟು ಹಾಕಲು ಗೋಂದು ಕಾಯಿಸುತ್ತಾರಲ್ಲ, ಅದೇ. ಸೌಟು ಹಾಕಿ ಎತ್ತಿದರೆ ಇಡೀ ಮುದ್ದೆ ಒಟ್ಟಿಗೆ ಎದ್ದು ಬಂತು. ಸುಟ್ಟುಹೋದ ಮೋಟಾರಿನ ವೈರನ್ನು ನಾನು ಎಷ್ಟೋ ಬಿಡಿಸಿದ್ದೇನೆ. ಈ ಗಂಟು ಬಿಡಿಸಲು ನನ್ನಿಂದ ಆಗಲಿಲ್ಲ.

ಅಷ್ಟೊತ್ತಿಗೆ ಫೋನ್ ಬಂತು. ಅತ್ತೆ ದಿನಾ ಸಂಜೆ ಆಸ್ಪತ್ರೆ ಎದುರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡುತ್ತಿದ್ದಳು. ಮೀಟರಿನ ಕೆಂಪು ಅಂಕಿ ಓಡುವುದನ್ನು ನೋಡಿದರೆ ಅವಳಿಗೆ ಮಾತು ಎರಡು ಪಟ್ಟು ಸ್ಪೀಡಾಗುತ್ತದೆ.

'ಹಲೋ ಶಿವು! ಸುಜಾತ ಗಂಜಿ ಕುಡಿದ್ಳು. ಜ್ವರ ಇಲ್ಲ. ನೀನ್ ಉಂಡ್ಯೇನ್ಲಾ? ಮಗ ಉಂಡ್ತಾ?'

'ಅತ್ತೆ, ಒಂದ್ ನಿಮಿಷ. ನೂಡಲ್ಸ್ ಅಂಟ್ಕೊಂಡ್ಬುಟ್ಟೈತೆ. ಏನ್ ಮಾಡ್ಬೇಕು ಅಂತ ಸುಜಾತನ್ನ ಕೇಳು.'

'ಏನ್ ಅಂಟ್ಕೊಂಡೈತೆ?'

'ನೂಡಲ್ಸ್. ಶಾವಿಗೆ ತರದ್ದು.'

ಆ ಕಡೆಯಿಂದ ಬೆಂಕಿ. 'ಅಲ್ಲ ಕಣ್ಲಾ, ಇಲ್ಲಿ ನನ್ ಮಗ್ಳು ಹೊಟ್ಟೆ ಕುಯ್ಸ್ಕೊಂಡು ಮಲಗವ್ಳೆ, ನಿಂಗೆ ಶಾವಿಗೆ ಚಿಂತೆನಾ? ಹಬ್ಬ ಮಾಡ್ತಿದೀಯೇನ್ಲಾ ಅಲ್ಲಿ?'

ಕಾವ್ಯ ಊಟ ಬಿಟ್ಟಿರುವ ವಿಷಯ ಹೇಳಿದೆ. ಅತ್ತೆಯ ದನಿ ತಟ್ಟನೆ ಇಳಿಯಿತು. 'ಇರು, ಕೇಳ್ಕಂಡ್ ಬತ್ತೀನಿ' ಅಂತ ಫೋನ್ ಇಟ್ಟಳು.

ಆ ಮುದುಕಿ ರಸ್ತೆ ದಾಟಿ, ಮೆಟ್ಟಿಲು ಹತ್ತಿ, ವಾರ್ಡಿಗೆ ಹೋಗಿ, ಮತ್ತೆ ಇಳಿದು ಬಂದು ಫೋನ್ ಮಾಡಿದಳು. ಏದುಸಿರು ಬಿಡುತ್ತಾ ಪಾಠ ಒಪ್ಪಿಸಿದಳು.

'ಜಾಸ್ತಿ ಬೇಯಿಸ್‌ಬಾರ್ದಂತೆ. ಬೆರಳಲ್ ಹಿಚುಕಿದ್ರೆ ಒಳ್ಗೆ ಚೂರು ಗಟ್ಟಿ ಇರ್ಬೇಕಂತೆ. ಬಸ್ದು ತಣ್ಣೀರ್ ಹುಯ್ಬೇಕಂತೆ. ಒಂದ್ ಚಮಚ ಎಣ್ಣೆ ಸವರಿ ಹರಡ್ಬೇಕಂತೆ. ತರಕಾರಿ ಹುರಿಯೋವಾಗ ಒಲೆ ಜೋರಾಗಿರ್ಬೇಕು, ಕೈ ನಿಲ್ಸ್‌ಬಾರ್ದು, ಮುಚ್ಚಳ ಮುಚ್ಬಾರ್ದು. ಕೇಳ್ತಾ? ಉಪ್ಪು ನೋಡ್ಕಂಡ್ ಹಾಕು, ಆ ಕಪ್ಪು ನೀರಲ್ಲೇ ಉಪ್ಪೈತಂತೆ.'

'ಆಯ್ತು ಅತ್ತೆ.'

'ಇನ್ನೊಂದು.' ಅತ್ತೆ ಸ್ವಲ್ಪ ನಿಂತಳು. ಮೀಟರ್ ಓಡುತ್ತಿದ್ದರೂ ನಿಂತಳು. 'ನೀನ್ ಅಡುಗೆ ಮಾಡ್ತಿದೀಯ ಅಂದಿದ್ಕೆ ನಕ್ಳು ಕಣೋ. ಹೊಲಿಗೆ ನೋಯ್ತದೆ, ನಗಿಸ್ಬೇಡ ಅಂತ ಹೊಟ್ಟೆ ಹಿಡ್ಕಂಡು ನಕ್ಳು. ಆಸ್ಪತ್ರೆಗ್ ಬಂದ್ಮೇಲೆ ಇವತ್ತೇ ನಕ್ಕಿದ್ದು.'

ಫೋನ್ ಇಟ್ಟು ಅಡುಗೆಮನೆಗೆ ಬಂದೆ. ಕಾವ್ಯ ಗೋಂದಿನ ಪಾತ್ರೆಯನ್ನು ನೋಡುತ್ತಾ ನಿಂತಿದ್ದಳು. ಆ ರಾತ್ರಿ ಅವಳು ತಿಂದದ್ದು ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು. 'ನಾಳೆ ಮತ್ತೆ ಟ್ರೈ ಮಾಡೋಣ, ಪ್ಯಾಕೆಟ್ ಅರ್ಧ ಇದೆ' ಅಂದಳು ಅವಳೇ.

ಮಾರನೆಯ ಸಂಜೆ ಸ್ವಲ್ಪ ಬೇಗನೇ ಬಂದೆ. ಈ ಸಲ ಅವಳೂ ನನ್ನ ಜೊತೆ ಕೂತಳು. ಗೌರಕ್ಕ ತಂದಿಟ್ಟಿದ್ದ ಪಾತ್ರೆ ಟೇಬಲ್ ಮೇಲೆ ಮುಚ್ಚಿಕೊಂಡಿತ್ತು. ನಾನು ಬೀನ್ಸ್ ಹೆಚ್ಚುತ್ತಿದ್ದೆ. ಅವಳು ಕ್ಯಾರೆಟ್ಟನ್ನು ಕಡ್ಡಿ ಕಡ್ಡಿಯಾಗಿ ಸೀಳುತ್ತಿದ್ದಳು. ಇಬ್ಬರ ಕಣ್ಣೂ ಚಾಕುವಿನ ಮೇಲೆ. ಆಗ ಕೇಳಿದಳು.

'ಅಪ್ಪ, ಗೆಡ್ಡೆ ಅಂದ್ರೆ ಕ್ಯಾನ್ಸರ್ರಾ?'

'ಯಾರ್ ಹೇಳಿದ್ರು ನಿಂಗೆ?'

'ಗೌರತ್ತೆ ಜಗಲಿ ಮೇಲೆ ಮಾತಾಡ್ತಿದ್ರು. ಅವರ ಚಿಕ್ಕಮ್ಮಂಗೂ ಹಿಂಗೇ ಆಗಿತ್ತಂತೆ.'

'ಆಮೇಲೆ?'

'ಆಮೇಲೆ ಏನಿಲ್ಲ. ಅವರ ಚಿಕ್ಕಮ್ಮನ ಫೋಟೋ ನೋಡಿದೀನಲ್ಲ ನಾನು. ದಿನಾ ಹೂ ಹಾಕ್ತಾರೆ.'

ಅವಳು ಮತ್ತೊಂದು ಮಾತು ಹೇಳಿದಳು. ಕ್ಯಾರೆಟ್ ಕತ್ತರಿಸುವುದನ್ನು ನಿಲ್ಲಿಸದೇ, ನನ್ನ ಮುಖ ನೋಡದೇ ಹೇಳಿದಳು.

'ತಾತ ಹೋದಾಗ ಇದೇ ತರ ಎಲ್ರೂ ಊಟ ತಂದ್ಕೊಟ್ರು. ನಮ್ಮನೇಲಿ ಒಲೆ ಹಚ್ಚಲಿಲ್ಲ. ಹಚ್ಚಬಾರ್ದು ಅಂತ ಅಜ್ಜಿ ಹೇಳಿದ್ರು. ಈಗ್ಲೂ ಹಂಗೇ ತಂದ್ಕೊಡ್ತಿದಾರೆ. ನೀನು ಮೊದಲ್ನೇ ದಿನಾನೇ ಗ್ಯಾಸೂ ಆಫ್ ಮಾಡ್ಬಿಟ್ಟೆ. ನನ್ನ ಆಸ್ಪತ್ರೆಗೂ ಕರ್ಕೊಂಡು ಹೋಗ್ತಿಲ್ಲ.'

ಇಷ್ಟು ಹೇಳಿ ಅವಳು ಚಾಕು ಕೆಳಗಿಟ್ಟಳು.

'ಅಮ್ಮ ಇದಾಳಾ ಅಪ್ಪ?'

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಉಣ್ಣಲು ತಂದುಕೊಡುತ್ತಾರೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಮಗುವಿಗೂ ಗೊತ್ತಿತ್ತು. ಗೊತ್ತಿದೆ ಅನ್ನುವುದು ನಮಗೆ ಗೊತ್ತಿರಲಿಲ್ಲ. ಬಸ್ಸಾರು ರುಚಿಯಾಗಿಲ್ಲ ಅಂತ ಅವಳು ನಾಯಿಗೆ ಹಾಕಲಿಲ್ಲ. ಆ ಊಟ ಉಂಡರೆ ಅಮ್ಮ ಇಲ್ಲ ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ಉಣ್ಣಲಿಲ್ಲ. ಮನೆಯಲ್ಲೇ ಮಾಡಿದ ನೂಡಲ್ಸ್ ಬೇಕು ಅಂದದ್ದು ಯಾಕೆ ಅಂತ ಈಗ ನಿಮಗೂ ಅರ್ಥವಾಗಿರಬೇಕು.

'ಇದಾಳೆ ಕಣೇ! ನಿನ್ನೆ ತಾನೇ ನಕ್ಕಳಂತಲ್ಲ. ನೂಡಲ್ಸ್ ಹೆಂಗ್ ಮಾಡ್ಬೇಕು ಅಂತ ಅವಳೇ ಅಲ್ವಾ ಹೇಳಿ ಕಳಿಸಿದ್ದು?'

'ಅದು ಅಜ್ಜಿ ಹೇಳಿದ್ದು. ಅಮ್ಮ ಫೋನಲ್ಲಿ ಮಾತಾಡಲೇ ಇಲ್ಲ.'

ನಿಜ. ವಾರ್ಡಿನಲ್ಲಿ ಫೋನ್ ಇರಲಿಲ್ಲ. ಸುಜಾತ ಬೂತಿನವರೆಗೆ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಆದರೆ ಅದನ್ನು ಈ ಮಗುವಿಗೆ ಯಾರು ಹೇಳಿದ್ದರು?

ಅವಳನ್ನು ಹತ್ತಿರ ಎಳೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಟ್ಟೆಯಲ್ಲಿ ಗೆಡ್ಡೆ ಇತ್ತು. ತೆಗೆದಿದ್ದಾರೆ. ಅದು ಕೆಟ್ಟದ್ದೋ ಅಲ್ಲವೋ ಅಂತ ಟೆಸ್ಟಿಗೆ ಹೋಗಿದೆ. ಸಾಮಾನ್ಯವಾಗಿ ಏನೂ ಇರುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ರಿಪೋರ್ಟ್ ಇನ್ನೂ ಬಂದಿಲ್ಲ.

'ಬಂದ್ರೆ ಏನಂತ ಬರುತ್ತೆ?'

'ಗೊತ್ತಿಲ್ಲ ಮಗಾ. ನಂಗೂ ಭಯ ಆಗ್ತಿದೆ.'

ಅವಳು ಅತ್ತಳು. ನಾನೂ ಕಣ್ಣೊರೆಸಿಕೊಂಡೆ. (ಈರುಳ್ಳಿ ಹೆಚ್ಚುತ್ತಿದ್ದೆ ಅಂತ ಬರೆದು ತಪ್ಪಿಸಿಕೊಳ್ಳಬಹುದಿತ್ತು. ಹೆಚ್ಚುತ್ತಿದ್ದದ್ದು ಬೀನ್ಸ್.) ಅತ್ತು ಮುಗಿದ ಮೇಲೆ ಅವಳು ಮೂಗೊರೆಸಿಕೊಂಡು ಹೇಳಿದ ಮಾತು ಕೇಳಿ ನನಗೆ ಆಶ್ಚರ್ಯವಾಯಿತು. 'ನಿಂಗೂ ಭಯ ಆಗ್ತಿದ್ಯಲ್ಲ, ಸದ್ಯ! ನಂಗೊಬ್ಬಳಿಗೇ ಅನ್ಕೊಂಡಿದ್ದೆ.'

ಆಮೇಲೆ ಎದ್ದು ತಾನೇ ಸಿಲಿಂಡರ್ ಆನ್ ಮಾಡಿ, ತಾನೇ ಒಲೆ ಹಚ್ಚಿದಳು.

ಅಡುಗೆ ಹೇಗಾಯಿತು ಅಂತ ಹೇಳಲೇಬೇಕು. ಕುದಿಯುವ ನೀರಿಗೆ ನೂಡಲ್ಸ್ ಹಾಕಿ ಪಕ್ಕದಲ್ಲೇ ನಿಂತೆವು. ಅವಳು ಒಂದೊಂದೇ ಎಳೆ ಎತ್ತಿ ಹಿಚುಕಿ ನೋಡುತ್ತಿದ್ದಳು. 'ಈಗ, ಈಗ!' ಅಂದಾಗ ಬಸಿದು, ತಣ್ಣೀರು ಹುಯ್ದು, ಎಣ್ಣೆ ಸವರಿ ದೊಡ್ಡ ತಟ್ಟೆಯಲ್ಲಿ ಹರಡಿದೆವು. ಎಳೆ ಎಳೆಯಾಗಿ ಬಿಟ್ಟುಕೊಂಡಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಎರಡು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಮೊದಲು ಕ್ಯಾರೆಟ್, ಬೀನ್ಸ್. ಆಮೇಲೆ ಕೋಸು, ದಪ್ಪ ಮೆಣಸಿನಕಾಯಿ. ಉರಿ ಜೋರು. ನಾನು ಎರಡು ಕೈಯಲ್ಲಿ ಎರಡು ಸೌಟು ಹಿಡಿದು ಮಗುಚಿದ್ದೇ ಮಗುಚಿದ್ದು. ತರಕಾರಿ ಬಾಡಬಾರದು, ಹಲ್ಲಿಗೆ ಕಟುಂ ಅನ್ನಬೇಕು ಅಂತ ಪಕ್ಕದಿಂದ ಆರ್ಡರ್. ನೂಡಲ್ಸ್ ಸುರಿದು, ಸೋಯಾ ಸಾಸ್ ಹಾಕಿ, ಮೆಣಸಿನ ಪುಡಿ ಉದುರಿಸಿ, ಕೊನೆಗೆ ವಿನೆಗರ್ ಇಲ್ಲದ್ದಕ್ಕೆ ನಿಂಬೆಹಣ್ಣು ಹಿಂಡಿದೆವು. ಮೇಲೆ ಈರುಳ್ಳಿ ಸೊಪ್ಪು.

ಅಭ್ಯಾಸಬಲ ನೋಡಿ, ನನ್ನ ಕೈ ತೆಂಗಿನಕಾಯಿ ತುರಿಯ ಬಟ್ಟಲು ಹುಡುಕುತ್ತಿತ್ತು. 'ಅಪ್ಪಾ! ಇದಕ್ಕೆ ಕಾಯಿ ಹಾಕಲ್ಲ!' ಅಂತ ಕಿರುಚಿದಳು. ತಿಪಟೂರಿನಲ್ಲಿ ಹುಟ್ಟಿ ಬೆಳೆದವನಿಗೆ ಕಾಯಿ ಹಾಕದೆಯೂ ಒಂದು ಅಡುಗೆ ಮುಗಿಯುತ್ತದೆ ಅಂತ ನಂಬುವುದು ಸುಲಭವಲ್ಲ.

ತರಕಾರಿ ಹೆಚ್ಚುವುದಕ್ಕೆ ಹಿಡಿದಷ್ಟು ಹೊತ್ತು ಒಲೆಯ ಮೇಲೆ ಹಿಡಿಯಲಿಲ್ಲ. ಹೊಗೆಯಾಡುವ ತಟ್ಟೆ ಮುಂದಿಟ್ಟುಕೊಂಡು ಕಾವ್ಯ ಉಂಡಳು. ತಲೆ ಎತ್ತಲಿಲ್ಲ. ಬಡಿಸಿದ್ದು ಮುಗಿದ ಮೇಲೆ ಬಾಣಲೆಯನ್ನೇ ಎಳೆದುಕೊಂಡಳು. ನಾನು ನೋಡುತ್ತಾ ಕೂತಿದ್ದೆ. ನನಗೆ ಅಂತ ಒಂದು ತುತ್ತು ಉಳಿದಿತ್ತು. ಅಷ್ಟೇ ಸಾಕಾಗಿತ್ತು.

ಆಮೇಲೆ ಟೇಬಲ್ ಮೇಲಿದ್ದ ಗೌರಕ್ಕನ ಪಾತ್ರೆಯ ಮುಚ್ಚಳ ತೆಗೆದು, 'ಇದು ಕಾಯಿ ಹೋಳಿಗೆ. ಇದನ್ನೂ ಒಂದು ತಿನ್ಲಾ?' ಅಂದಳು!

ಮರುದಿನ ಬೆಳಗ್ಗೆ ಉಳಿದಿದ್ದ ಒಂದು ಹಿಡಿ ನೂಡಲ್ಸ್‌ಗೆ ತರಕಾರಿಯನ್ನೇ ಜಾಸ್ತಿ ಹಾಕಿ, ಖಾರ ಹಾಕದೆ ಇಬ್ಬರೂ ಸೇರಿ ಮತ್ತೆ ಮಾಡಿದೆವು. ಸ್ಟೀಲ್ ಡಬ್ಬಿಗೆ ತುಂಬಿ, ಸ್ಕೂಲಿಗೆ ರಜೆ ಹಾಕಿಸಿ, ಅವಳನ್ನು ಬಸ್ಸು ಹತ್ತಿಸಿದೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತುಮಕೂರಿನವರೆಗೂ ಎರಡು ಕೈಯಲ್ಲಿ ಹಿಡಿದಿದ್ದಳು.

ವಾರ್ಡಿನ ಬಾಗಿಲಲ್ಲಿ ಅವಳು ನಿಂತುಬಿಟ್ಟಳು. ಸುಜಾತ ದಿಂಬಿಗೆ ಒರಗಿ ಕೂತಿದ್ದಳು. ಮುಖ ಬಿಳುಚಿತ್ತು, ತಲೆ ಬಾಚಿರಲಿಲ್ಲ. ಆದರೆ ಇದ್ದಳು. ಮಗಳನ್ನು ನೋಡಿ, 'ಯಾಕೇ ಹಿಂಗ್ ಇಳ್ದೋಗಿದೀಯ?' ಅಂತ ಬೈದಳು. ಬೈಸಿಕೊಂಡು ಅಷ್ಟು ಖುಷಿಪಟ್ಟ ಮುಖವನ್ನು ನಾನು ಇನ್ನೊಂದು ನೋಡಿಲ್ಲ.

'ಹೊಲಿಗೆ ನೋಯುತ್ತಾಮ್ಮ?'

'ನಕ್ಕರೆ ನೋಯುತ್ತೆ. ನಿಮ್ಮಪ್ಪ ಅಡುಗೆ ವಿಷ್ಯ ಎತ್ತಬಾರ್ದು ಅಷ್ಟೇ.'

ರೌಂಡ್ಸಿಗೆ ಬಂದ ನರ್ಸಮ್ಮನನ್ನು ಕೇಳಿದ್ದಕ್ಕೆ, 'ಈಗ ಊಟ ಶುರು ಮಾಡಿದಾರಲ್ಲ, ಖಾರ ಇಲ್ದಿದ್ರೆ ಸ್ವಲ್ಪ ಕೊಡಿ' ಅಂದರು. ಸುಜಾತ ನಾಲ್ಕು ಎಳೆ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾವಿಬ್ಬರೂ ಎಕ್ಸಾಂ ರಿಸಲ್ಟ್ ಕಾಯುವವರ ಹಾಗೆ ನಿಂತಿದ್ದೆವು. 'ಸೋಯಾ ಸಾಸ್ ಜಾಸ್ತಿ ಆಯ್ತು' ಅಂದಳು. ಟೀಚರ್ ಅಲ್ಲವೇ! ಫುಲ್ ಮಾರ್ಕ್ಸ್ ಕೊಟ್ಟ ಚರಿತ್ರೆಯೇ ಇಲ್ಲ.

ಅಷ್ಟರಲ್ಲಿ ಆಯಾ ಬಂದು, 'ಡಾಕ್ಟರಮ್ಮ ಕರೀತಾರೆ. ರಿಪೋರ್ಟ್ ಬಂದೈತಂತೆ' ಅಂದಳು.

ನಾನು ಎದ್ದೆ. ಹೊರಟರೆ ಹಿಂದಿನಿಂದ ಶರ್ಟು ಎಳೆದ ಹಾಗಾಯಿತು. ಕಾವ್ಯ. ಗಟ್ಟಿಯಾಗಿ ಹಿಡಿದುಕೊಂಡಿದ್ದಳು. 'ಅಜ್ಜಿ ಹತ್ರ ಇರು' ಅನ್ನುವ ಮಾತು ಬಾಯಿಯವರೆಗೂ ಬಂತು. ನುಂಗಿಕೊಂಡು ಅವಳ ಕೈ ಹಿಡಿದೆ.

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, 'ಮಗು ಹೊರಗಿರಲಿ' ಅಂದರು.

'ಇರಲಿ ಬಿಡಿ ಮೇಡಂ. ಅವಳಿಗೆ ಎಲ್ಲಾ ಗೊತ್ತು' ಅಂದೆ.

ಅವರು ಒಂದು ಕ್ಷಣ ನನ್ನನ್ನು, ಒಂದು ಕ್ಷಣ ಅವಳನ್ನು ನೋಡಿದರು. ಆಮೇಲೆ ನಕ್ಕರು. 'ಹಂಗಾದ್ರೆ ಕೂತ್ಕೊಳ್ಳಿ. ಒಳ್ಳೇ ಸುದ್ದಿನೇ. ಅದು ಬರೀ ಫೈಬ್ರಾಯ್ಡ್. ಮಾಮೂಲಿ ಗೆಡ್ಡೆ. ಕೆಟ್ಟದ್ದು ಏನೂ ಇಲ್ಲ.'

ಕಾವ್ಯ ಮುಂದೆ ಬಾಗಿ ಕೇಳಿದಳು. 'ಅಂದ್ರೆ ಕ್ಯಾನ್ಸರ್ ಅಲ್ವಾ?'

'ಅಲ್ಲಮ್ಮ.'

'ಪಕ್ಕಾ?'

'ಪಕ್ಕಾ. ಎರಡು ದಿನ ಬಿಟ್ಟು ಅಮ್ಮನ್ನ ಮನೆಗೆ ಕರ್ಕೊಂಡು ಹೋಗು. ಭಾರ ಎತ್ತೋಕೆ ಬಿಡ್ಬೇಡ. ಸೊಪ್ಪು, ತರಕಾರಿ ಚೆನ್ನಾಗಿ ತಿನ್ಸು.'

ಡಾಕ್ಟರಮ್ಮ ನನಗೆ ಹೇಳಬೇಕಾದ ಜವಾಬ್ದಾರಿಗಳನ್ನೆಲ್ಲ ಅವಳಿಗೇ ಹೇಳಿದರು. ಅವಳು ತಲೆಯಾಡಿಸಿ ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ಓಡಿದಳು. 'ಓಡಬಾರ್ದು!' ಅಂತ ಯಾರೋ ಕೂಗಿದರು. ಯಾರು ಕೇಳುತ್ತಾರೆ? ನಾನು ವಾರ್ಡು ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿ ಆಗಿತ್ತು. ಸುಜಾತ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಪಕ್ಕದ ಬೆಡ್ಡಿನ ಹೆಂಗಸು, ಯಾವ ಊರಿನವರೋ, ನಮಗೋಸ್ಕರ ಕೈ ಮುಗಿದಿದ್ದರು.

ಅತ್ತೆ ಮುಖ ಒರೆಸಿಕೊಂಡು ಮೊದಲು ಆಡಿದ ಮಾತು: 'ನಂಗ್ ಹಸಿವಾಯ್ತದೆ ಕಣ್ಲಾ. ಆ ಹಾಳ್ ಶಾವಿಗೆ ಇನ್ನೊಂಚೂರ್ ಐತೇನು?'

ಡಬ್ಬಿ ಖಾಲಿ ಮಾಡಿದಳು. 'ಒಂಚೂರು ಕಾಯಿ ತುರಿ ಹಾಕಿದ್ರೆ ಇನ್ನೂ ಚೆಂದಾಗಿರ್ತಿತ್ತು ಬುಡು' ಅಂತ ಸರ್ಟಿಫಿಕೇಟ್ ಬೇರೆ ಕೊಟ್ಟಳು.

ಈಗ ಸುಜಾತ ಮನೆಯಲ್ಲಿದ್ದಾಳೆ. ಮಂಚದ ಮೇಲೆ ಕೂತೇ ಅಡುಗೆಮನೆಯನ್ನು ಆಳುತ್ತಿದ್ದಾಳೆ. ಗೌರಕ್ಕನಿಗೆ ವಿಷಯ ಗೊತ್ತಾಯಿತು. (ಕಾವ್ಯಳೇ ಹೇಳಿದಳು, ನಾನಲ್ಲ.) 'ಅಯ್ಯೋ, ನನ್ ಬಾಯಿಗಿಷ್ಟು! ಮಗ ಒಳಗೈತೆ ಅಂತ ಜ್ಞಾನ ಇರ್ಲಿಲ್ಲ ಕಣ್ರೀ' ಅಂತ ಕಣ್ಣೀರು ಹಾಕಿದಳು. ಪಾಪ, ಅವಳ ತಪ್ಪೇನಿದೆ? ಪ್ರೀತಿಯಿಂದಲೇ ಊಟ ತಂದಳು, ಕಳವಳದಿಂದಲೇ ಮಾತಾಡಿದಳು. ಈಗ ಅವಳು ಊಟ ತಂದುಕೊಡುವುದಿಲ್ಲ. ಬೆಳಗ್ಗೆ ನಮ್ಮ ಮನೆಗೇ ಬಂದು, ನಮ್ಮ ಒಲೆ ಹಚ್ಚಿ, ಅಲ್ಲೇ ಮಾಡಿಟ್ಟು ಹೋಗುತ್ತಾಳೆ. ಕಾವ್ಯ ಪಕ್ಕದಲ್ಲಿ ನಿಂತು ಕಾಯಿ ತುರಿಯುತ್ತಾಳೆ.

ದೊಡ್ಡವರು ನಾವು ದನಿ ತಗ್ಗಿಸಿ ಮಾತಾಡಿದರೆ ಮಕ್ಕಳಿಗೆ ಕೇಳುವುದಿಲ್ಲ ಅಂದುಕೊಳ್ಳುತ್ತೇವೆ. ದನಿ ತಗ್ಗಿತು ಅಂದರೇ ಅವರು ಕಿವಿ ನಿಮಿರಿಸುತ್ತಾರೆ. ಅರ್ಧ ಕೇಳಿಸಿಕೊಂಡು, ಉಳಿದರ್ಧವನ್ನು ಒಬ್ಬರೇ ಕೂತು ತುಂಬಿಕೊಳ್ಳುತ್ತಾರೆ. ಎದುರು ಕೂರಿಸಿಕೊಂಡು 'ಏನಾಯ್ತು ಹೇಳು' ಅಂದರೆ ಬಾಯಿ ಬಿಡುವುದಿಲ್ಲ. ಪಕ್ಕಪಕ್ಕ ಕೂತು ಏನಾದರೂ ಕೆಲಸ ಮಾಡುತ್ತಿದ್ದರೆ, ಮುಖ ನೋಡುವ ಕಷ್ಟವಿಲ್ಲದಿದ್ದರೆ, ತಾನಾಗಿಯೇ ಬರುತ್ತದೆ. ಅವತ್ತು ಕ್ಯಾರೆಟ್ ಹೆಚ್ಚದೇ ಹೋಗಿದ್ದರೆ ಆ ಪ್ರಶ್ನೆಯನ್ನು ಅವಳು ಇನ್ನೂ ಎಷ್ಟು ದಿನ ಒಳಗಿಟ್ಟುಕೊಂಡಿರುತ್ತಿದ್ದಳೋ!

ಊಟ ಬಿಟ್ಟ ಮಗುವನ್ನು 'ಏನು ಬೇಕು' ಅಂತ ನಾವೆಲ್ಲ ಕೇಳುತ್ತೇವೆ. 'ಏನು ಕೇಳಿಸಿಕೊಂಡೆ' ಅಂತ ಯಾರಾದರೂ ಕೇಳುತ್ತೇವೆಯೇ?